ಹಿತ್ತಲಿಗೂ ಬೇಡವೇ ಸಿಂಗಾರ?

ಮುಂಬಾಗಿಲಿಗೆ ತೋರಣ, ಹೊಸ್ತಿಲಿಗೆ ಅರಿಸಿನ ಕುಂಕುಮ, ಅಂಗಳಕ್ಕೆ ರಂಗೋಲಿ, ಹಜಾರದ ಕಿಟಕಿಗೆ ಪರದೆ. ಸರಿ, ಹಿತ್ತಲಿಗೆ? ಹಿತ್ತಲಿಗೆ ಮುರಿದ ಕುರ್ಚಿ, ತೂತು ಬಿದ್ದ ಬಕೆಟ್ಟು, ಹಳೇ ಹೆಂಚಿನ ರಾಶಿ, ಮಿಕ್ಸಿ ಬಂದ ಮೇಲೆ ಹೊರಗೆ ಬಿದ್ದ ಒರಳುಕಲ್ಲು! ಮನೆಗೆ ಬಂದ ನೆಂಟರು ಎಲ್ಲಿ ಹಿಂದಿನ ಬಾಗಿಲು ತೆಗೆದುಬಿಡುತ್ತಾರೋ ಅಂತ ಎದೆ ಡವಡವ ಅನ್ನುವ ಗೃಹಿಣಿಯರು ಎಷ್ಟು ಮಂದಿ ಇಲ್ಲ ಹೇಳಿ.

ಇಂಥ ಹಿತ್ತಿಲನ್ನು ನೋಡಿ ನೋಡಿ ಬೇಸತ್ತ ಯಜಮಾನರು ಒಂದು ದಿನ, "ಈ ಕೊಚ್ಚೆ, ಕಳೆ, ಹಾವಿನ ಭಯ ಎಲ್ಲ ಯಾಕೆ? ಪೂರಾ ಸಿಮೆಂಟ್ ಹಾಕಿಸಿಬಿಡೋಣ" ಅನ್ನುತ್ತಾರೆ. ಮಾತು ಕೇಳೋದಕ್ಕೆ ಚೆನ್ನಾಗಿಯೇ ಇರುತ್ತೆ. ಗುಡಿಸೋದು ಸುಲಭ, ಬಟ್ಟೆ ಒಣಗಿಸೋದು ಸುಲಭ, ಹಪ್ಪಳ ಸಂಡಿಗೆ ಇಡೋದಕ್ಕೂ ಅನುಕೂಲ. ಆದರೆ ಹೂಂ ಅನ್ನುವ ಮೊದಲು ಸ್ವಲ್ಪ ತಡೆಯಿರಿ. ಒಂದು ಚಿಕ್ಕ ಲೆಕ್ಕ ಹಾಕೋಣ.

ನಿಮ್ಮ ಹಿತ್ತಲು 30 ಅಡಿ ಉದ್ದ, 20 ಅಡಿ ಅಗಲ ಇದೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1,400 ಲೀಟರ್ ನೀರು ಆಯಿತು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ತೊಂಬತ್ತಕ್ಕೂ ಹೆಚ್ಚು ಕೊಡ! ನೆಲ ಮಣ್ಣಾಗಿದ್ದರೆ ಅದರಲ್ಲಿ ಬಹುಪಾಲು ಅಲ್ಲೇ ಇಂಗುತ್ತೆ, ಬಾವಿಗೋ ಬೋರಿಗೋ ಒದಗುತ್ತೆ. ಸಿಮೆಂಟ್ ಆದರೆ ಅಷ್ಟೂ ನೀರು ಚರಂಡಿಗೆ. ಆಮೇಲೆ ಬೇಸಿಗೆಯಲ್ಲಿ ಕಾದ ಸಿಮೆಂಟಿನ ಝಳ ಅಡುಗೆಮನೆಗೇ ಹೊಡೆಯುತ್ತೆ. ಕರಿಬೇವಿನ ಗಿಡ ಹೋಯಿತು, ದೊಡ್ಡಪತ್ರೆ ಹೋಯಿತು, ದೇವರ ಪೂಜೆಗೆ ನಾಲ್ಕು ದಾಸವಾಳಕ್ಕೂ ಅಂಗಡಿಗೇ ಹೋಗಬೇಕು.

ಇನ್ನೊಂದು ಮಾತು. ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗ ಇರುತ್ತೆ. ಯಜಮಾನರಿಗೆ ಪೇಪರ್ ಓದುವ ಕುರ್ಚಿ, ಮಕ್ಕಳಿಗೆ ಓದೋ ಮೂಲೆ, ಅತ್ತೆಯವರಿಗೆ ದೇವರ ಮನೆಯ ಮುಂದಿನ ಮಣೆ. ಮನೆಯಾಕೆಗೆ? ಅಡುಗೆಮನೆ ಕೆಲಸದ ಜಾಗ, ಕೂರುವ ಜಾಗವಲ್ಲ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ ಕಾಲು ಚಾಚಿ ಕೂತು, ಸೊಪ್ಪು ಬಿಡಿಸುತ್ತಲೋ ಈ ಪತ್ರಿಕೆ ಓದುತ್ತಲೋ ಇರುವುದಕ್ಕೆ ಹಿತ್ತಲಿಗಿಂತ ಒಳ್ಳೇ ಜಾಗ ಯಾವುದಿದೆ? ಅದಕ್ಕೇ ಹಿತ್ತಿಲನ್ನು ಮುಚ್ಚಿಸುವ ಮೊದಲು ಒಮ್ಮೆ ಸಿಂಗರಿಸಿ ನೋಡಿ. ಅಲ್ಲಿ ಬಿದ್ದಿರುವ ಸಾಮಾನೇ ಸಾಕು, ಸಿಮೆಂಟಿಗೆ ಕೊಡುವ ದುಡ್ಡಿನ ಒಂದು ಮೂಲೆಯೂ ಖರ್ಚಾಗುವುದಿಲ್ಲ.

ಮೊದಲು ನೋಡಿ, ಆಮೇಲೆ ಮಾಡಿ

ಗುದ್ದಲಿ ಹಿಡಿಯುವ ಮುಂಚೆ ಒಂದು ದಿನ ಹಿತ್ತಿಲನ್ನು ಸುಮ್ಮನೆ ಗಮನಿಸಿ. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ, ಹೀಗೆ ಮೂರು ಸಲ ಹೋಗಿ ಬಿಸಿಲು ಎಲ್ಲಿ ಬೀಳುತ್ತೆ, ನೆರಳು ಎಲ್ಲಿರುತ್ತೆ ಅಂತ ನೋಡಿ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತೆ, ಬಚ್ಚಲ ನೀರು ಎತ್ತ ಹರಿಯುತ್ತೆ ಅನ್ನೋದೂ ಗೊತ್ತಿರಲಿ. ಹೂವಿನ ಗಿಡ, ತರಕಾರಿಗೆ ಬಿಸಿಲು ಬೇಕು. ಕೂರುವ ಜಾಗಕ್ಕೆ ಮಧ್ಯಾಹ್ನದ ನೆರಳು ಬೇಕು. ಇದನ್ನು ತಿಳಿಯದೆ ಗುಲಾಬಿಯನ್ನು ಗೋಡೆಯ ನೆರಳಿಗೆ ಇಟ್ಟು, "ನಮ್ಮನೇಲಿ ಗುಲಾಬಿ ಹೂವೇ ಬಿಡೋಲ್ಲ ರೀ" ಅಂದರೆ ಗಿಡದ ತಪ್ಪೇನು?

ಎರಡನೇ ಕೆಲಸ, ಬಿದ್ದ ಸಾಮಾನನ್ನು ಮೂರು ಗುಂಪು ಮಾಡುವುದು. ಉಪಯೋಗಕ್ಕೆ ಬರುವುದು, ಗುಜರಿಯವನಿಗೆ ಕೊಡುವುದು, ಎಸೆಯುವುದು. ಕೀಟನಾಶಕದ ಡಬ್ಬ, ಹಳೇ ಬ್ಯಾಟರಿ, ಆ್ಯಸಿಡ್ ಬಾಟಲಿ ಎಷ್ಟೇ ಚೆಂದ ಕಂಡರೂ ಕುಂಡ ಮಾಡಬೇಡಿ. ತೊಳೆದರೂ ಅದರ ವಿಷ ಪೂರ್ತಿ ಹೋಗೋದಿಲ್ಲ.

ಹಳೇ ಹೆಂಚಿನ ಅಂಚು

ನಮ್ಮ ಊರುಗಳಲ್ಲಿ ಹಳೇ ಮನೆ ಬಿಚ್ಚಿ ತಾರಸಿ ಹಾಕಿದ ಮೇಲೆ ಮಂಗಳೂರು ಹೆಂಚು ಹಿತ್ತಲಲ್ಲಿ ರಾಶಿ ಬಿದ್ದಿರುತ್ತೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ಈ ಹೆಂಚು ದೇಶ ವಿದೇಶ ಸುತ್ತಿದೆ. ಚೆನ್ನಾಗಿ ಬೆಂದ ಜೇಡಿಮಣ್ಣು. ಮಳೆ ಬಿಸಿಲಿಗೆ ಜಗ್ಗುವುದಿಲ್ಲ. ಹೂಪಾತಿಯ ಅಂಚಿಗೆ ಇದಕ್ಕಿಂತ ಅಂದದ್ದು ದುಡ್ಡು ಕೊಟ್ಟರೂ ಸಿಗದು.

ಮಾಡುವ ವಿಧಾನ ಸುಲಭ. ಪಾತಿ ಎಲ್ಲಿ ಬೇಕೋ ಅಲ್ಲಿ ಹಗ್ಗ ಹಿಡಿದು ಗೆರೆ ಎಳೆಯಿರಿ. ಗೆರೆಯುದ್ದಕ್ಕೂ ಒಂದು ಗೇಣು ಆಳದ ಕಿರಿದಾದ ಕಾಲುವೆ ತೋಡಿ. ತಳಕ್ಕೆ ಎರಡು ಬೆರಳಿನಷ್ಟು ಮರಳು ಹಾಕಿ. ಹೆಂಚನ್ನು ನಿಲ್ಲಿಸಿ, ಅರ್ಧ ಮಣ್ಣಿನೊಳಗೆ, ಅರ್ಧ ಮೇಲೆ ಇರಲಿ. ಒಂದರ ಮೇಲೊಂದು ಒರಗುವ ಹಾಗೆ ಓರೆಯಾಗಿ ನಿಲ್ಲಿಸುತ್ತ ಹೋದರೆ ಗರಗಸದ ಹಲ್ಲಿನ ಹಾಗೆ ಸಾಲು ಬರುತ್ತೆ. ಎರಡೂ ಕಡೆ ಮಣ್ಣು ತುಂಬಿ ಕಾಲಲ್ಲಿ ತುಳಿದು ಗಟ್ಟಿ ಮಾಡಿ. ಒಡೆದ ಹೆಂಚಾದರೆ ಒಡೆದ ಭಾಗ ಕೆಳಗೆ, ನೇರ ಅಂಚು ಮೇಲೆ.

ಬಾಗಿಲಿನಿಂದ ಬಾವಿಕಟ್ಟೆಗೆ, ಬಟ್ಟೆ ಒಣಹಾಕುವ ತಂತಿಗೆ ನಡೆದಾಡುವ ದಾರಿಗೂ ಸಿಮೆಂಟ್ ಬೇಕಿಲ್ಲ. ಹೆಜ್ಜೆಗೆ ಒಂದರಂತೆ ಚಪ್ಪಡಿ ಕಲ್ಲು, ಮಿಕ್ಕ ಕಡಪ ಕಲ್ಲಿನ ತುಂಡು ಹೂಳಿ, ನಡುವೆ ಜಲ್ಲಿ ಹರಡಿ. ಕಲ್ಲು ನೆಲದ ಮಟ್ಟಕ್ಕೇ ಇರಲಿ, ಎಡವಬಾರದು. ಮಳೆಗಾಲದಲ್ಲಿ ಕಾಲಿಗೆ ಕೆಸರೂ ಆಗಲ್ಲ, ನೀರೂ ಇಂಗುತ್ತೆ. ಹಾವಿನ ಭಯಕ್ಕೂ ಇದೇ ಮದ್ದು. ಹಾವಿಗೆ ಇಷ್ಟವಾಗೋದು ಹೆಂಚಿನ ರಾಶಿ, ಸೌದೆ ರಾಶಿ, ಇಲಿ ಇರುವ ಜಾಗ. ರಾಶಿ ಹೋಗಿ ದಾರಿಯಾದರೆ ಕಾಲಿಡುವ ಜಾಗ ಕಣ್ಣಿಗೆ ಕಾಣುತ್ತೆ. ರಾಶಿ ಕದಲಿಸುವಾಗ ಮಾತ್ರ ಕೈ ಹಾಕುವ ಮೊದಲು ಕೋಲಿನಿಂದ ಆಡಿಸಿ ನೋಡಿ.

ಡಬ್ಬ, ಬಕೆಟ್ಟು, ಟ್ರಂಕು: ಎಲ್ಲವೂ ಕುಂಡವೇ

ಹದಿನೈದು ಕಿಲೋ ಎಣ್ಣೆ ಡಬ್ಬ, ಸೀಳಿದ ಬಕೆಟ್ಟು, ಬಾಯಿ ಒಡೆದ ಮಡಕೆ, ತಳ ಹೋದ ಅಲ್ಯೂಮಿನಿಯಂ ದಬರಿ, ಅತ್ತೆಯವರ ಕಾಲದ ತುಕ್ಕು ಹಿಡಿದ ಟ್ರಂಕು, ಯಾವುದನ್ನೂ ಬಿಡಬೇಡಿ. ಎಣ್ಣೆ ಡಬ್ಬವನ್ನು ಸೀಗೇಪುಡಿಯೋ ಸೋಪೋ ಹಾಕಿ ಬಿಸಿನೀರಲ್ಲಿ ಜಿಡ್ಡು ಹೋಗುವ ಹಾಗೆ ತೊಳೆಯಿರಿ. ಕತ್ತರಿಸಿದ ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಬಡಿದು ಮಡಿಸಿ, ಇಲ್ಲದಿದ್ದರೆ ಕೈ ಕುಯ್ಯುತ್ತೆ. ತಳಕ್ಕೆ ದಪ್ಪ ಮೊಳೆಯಿಂದ ಐದಾರು ತೂತು ಹೊಡೆಯಿರಿ. ಹೊರಗೆ ಒಂದು ಕೈ ರೆಡ್ ಆಕ್ಸೈಡ್ ಬಳಿದರೆ ತುಕ್ಕು ಬೇಗ ಹಿಡಿಯಲ್ಲ. ಕುಂಡವನ್ನು ನೇರವಾಗಿ ನೆಲದ ಮೇಲೆ ಇಡದೆ ಎರಡು ಇಟ್ಟಿಗೆಯ ಮೇಲಿಡಿ.

ತುಂಬುವ ಮಣ್ಣಿಗೆ ಒಂದು ಲೆಕ್ಕ ನೆನಪಿಡಿ. ಕೆಮ್ಮಣ್ಣು ಒಂದು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು. ತಳದ ತೂತಿನ ಮೇಲೆ ಬೋಗುಣಿ ಕವುಚಿದ ಹಾಗೆ ಒಂದೊಂದು ಹೆಂಚಿನ ಚೂರು ಇಡಿ. ನೀರು ಬಸಿಯುತ್ತೆ, ಮಣ್ಣು ಕೊಚ್ಚಿ ಹೋಗೋದಿಲ್ಲ. ಮೇಲೆ ಎರಡು ಅಂಗುಲ ಜಾಗ ಬಿಡಿ, ನೀರು ನಿಲ್ಲುವುದಕ್ಕೆ. ತೆಂಗಿನಕಾಯಿ ಸುಲಿದ ಸಿಪ್ಪೆಯನ್ನು ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಬೇಗ ಆರುವುದಿಲ್ಲ. ಟ್ರಂಕಿನಂಥ ಅಗಲ ಪಾತ್ರೆಗೆ ಕೊತ್ತಂಬರಿ, ಮೆಂತ್ಯ. ಎಣ್ಣೆ ಡಬ್ಬಕ್ಕೆ ಗುಲಾಬಿ, ಟೊಮ್ಯಾಟೊ, ಬದನೆ. ಬಕೆಟ್ಟಿಗೆ ದೊಡ್ಡಪತ್ರೆ, ಪುದೀನ.

ಬಾಡಿಗೆ ಮನೆಯವರೇ, ನಿಮಗಂತೂ ಇದೇ ಸರಿ. ಮನೆ ಬದಲಾಯಿಸುವಾಗ ಸಾಮಾನಿನ ಜತೆ ತೋಟವೂ ಲಾರಿ ಹತ್ತುತ್ತೆ!

ಕರಟದ ತೂಗುಕುಂಡ

ಬೇಕಾಗುವ ಸಾಮಾನು: ಹೋಳು ಮಾಡಿದ ದೊಡ್ಡ ತೆಂಗಿನ ಕರಟ, ಮೊಳೆ, ನೈಲಾನ್ ದಾರ ಅಥವಾ ಹಳೇ ಸೀರೆಯ ಪಟ್ಟಿ, ಮಣ್ಣು.

ಕರಟದ ಹೊರಗಿನ ನಾರನ್ನು ಚೂರಿಯಿಂದ ಕೆರೆದು, ಮರಳು ಕಾಗದದಿಂದ ಉಜ್ಜಿ. ನುಣುಪಾದ ಮೇಲೆ ಒಂದು ಚೂರು ಕೊಬ್ಬರಿ ಎಣ್ಣೆ ಸವರಿದರೆ ಬೀಟೆ ಮರದ ಹಾಗೆ ಮಿಂಚುತ್ತೆ. ಕಣ್ಣಿರುವ ಹೋಳನ್ನೇ ಆರಿಸಿ, ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತೆ. ಅದನ್ನು ಮೊಳೆಯಿಂದ ಒತ್ತಿದರೆ ನೀರು ಬಸಿಯುವ ತೂತು ತಾನಾಗೇ ಸಿಕ್ಕಿತು. ಬಾಯಿಯ ಹತ್ತಿರ ಸಮದೂರದಲ್ಲಿ ಮೂರು ತೂತು ಮಾಡಿ. ಕರಟ ಸೀಳದಿರಬೇಕಾದರೆ ಇಕ್ಕಳದಲ್ಲಿ ಹಿಡಿದು ಕಾಯಿಸಿದ ಮೊಳೆಯಿಂದ ನಿಧಾನವಾಗಿ ಚುಚ್ಚಬೇಕು. ಈ ಕೆಲಸ ದೊಡ್ಡವರೇ ಮಾಡಲಿ.

ಸೀರೆಯ ಪಟ್ಟಿಯನ್ನು ಮೂರು ಎಳೆ ಮಾಡಿ ಜಡೆ ಹೆಣೆದು ತೂಗುಹಾಕಿದರೆ ಬಹಳ ಚೆಂದ. ಹತ್ತಿ ಸೀರೆ ಮಳೆಗೆ ಕೊಳೆಯುತ್ತೆ, ಆದ್ದರಿಂದ ಅದನ್ನು ಸೂರಿನ ಕೆಳಗೆ ಮಾತ್ರ ಬಳಸಿ. ಬಯಲಿಗೆ ನೈಲಾನ್ ದಾರವೇ ಆಗಬೇಕು. ಕರಟದಲ್ಲಿ ಹಿಡಿಯುವ ಮಣ್ಣು ಕಡಿಮೆ, ಬೇಗ ಒಣಗುತ್ತೆ. ಬಿಸಿಲಿಗೆ ಸೋಲದ ಹತ್ತು ಗಂಟೆ ಹೂವಿನ ಗಿಡ, ಟೇಬಲ್ ರೋಸ್ ಅಂತಲೂ ಅಂತಾರಲ್ಲ, ಅದು ಇದಕ್ಕೆ ಹೇಳಿಮಾಡಿಸಿದ್ದು. ತುಂಡು ಚುಚ್ಚಿದರೆ ಸಾಕು, ಬೇರು ಬಿಡುತ್ತೆ. ಬೆಳಗಿನ ತಿಂಡಿ ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಅರಳಿ ನಿಂತಿರುತ್ತೆ!

ಬಳೆ ಚೂರಿನ ತುಳಸಿಕಟ್ಟೆ

ಒಡೆದ ಬಳೆ, ಕಿವಿ ಮುರಿದ ಪಿಂಗಾಣಿ ಲೋಟ, ಸೀಳಿದ ಜಾಡಿ, ಬಚ್ಚಲಮನೆಗೆ ಹಾಕಿ ಮಿಕ್ಕ ಟೈಲ್ಸ್ ತುಂಡು ಇವನ್ನೆಲ್ಲ ಕೂಡಿಡಿ. ಇಂಥ ಚೂರುಗಳಿಂದ ಏನಾಗುತ್ತೆ ಅಂತ ಮೂಗು ಮುರಿಯುವವರಿಗೆ ಚಂಡೀಗಢದ ಶಿಲಾ ಉದ್ಯಾನದ ಕಥೆ ಹೇಳಿ. ಅಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಎಂಬುವರು 1957ರ ಸುಮಾರಿಗೆ, ಕೆಲಸ ಮುಗಿದ ಮೇಲೆ ಸೈಕಲ್ಲಿನಲ್ಲಿ ಕಲ್ಲು, ಒಡೆದ ಪಿಂಗಾಣಿ, ಬಳೆ ಚೂರು ತಂದು ಯಾರಿಗೂ ತಿಳಿಯದ ಹಾಗೆ ಬೊಂಬೆಗಳನ್ನು ಮಾಡಿ ನಿಲ್ಲಿಸುತ್ತ ಹೋದರು. ವರ್ಷಗಟ್ಟಲೆ ಯಾರಿಗೂ ಸುಳಿವೇ ಇರಲಿಲ್ಲ. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು, 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2015ರಲ್ಲಿ ಅವರು ತೀರಿಕೊಂಡರು. ಇಂದಿಗೂ ದೇಶದ ಮೂಲೆ ಮೂಲೆಗಳಿಂದ ಜನ ಆ ಕಸದ ಚೆಲುವನ್ನು ನೋಡಲು ಹೋಗುತ್ತಾರೆ. ನಮಗೆ ಅಷ್ಟು ದೊಡ್ಡದೇನೂ ಬೇಡ, ಒಂದು ತುಳಸಿಕಟ್ಟೆಯಾದರೆ ಸಾಕು.

ಬೇಕಾಗುವ ಸಾಮಾನು: ಸಿಮೆಂಟ್ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು, ಚೂರುಗಳು, ಕರಣೆ, ರಬ್ಬರ್ ಕೈಚೀಲ, ಹಳೇ ಗೋಣಿಚೀಲ.

ಮೊದಲು ಚೂರುಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ನೆಲದ ಮೇಲೆ ನಿಮ್ಮ ರಂಗೋಲಿಯ ಹಾಗೆ ಜೋಡಿಸಿ ನೋಡಿ. ಚುಕ್ಕಿ ರಂಗೋಲಿ ಹಾಕಿದ ಕೈಗೆ ಇದೇನು ಕಷ್ಟ? ಪಿಂಗಾಣಿ ಒಡೆಯಬೇಕಾದರೆ ಗೋಣಿಚೀಲದೊಳಗೆ ಸುತ್ತಿಟ್ಟು ಮೇಲಿಂದ ಸುತ್ತಿಗೆಯಲ್ಲಿ ಬಡಿಯಿರಿ, ಚೂರು ಕಣ್ಣಿಗೆ ಸಿಡಿಯುವುದಿಲ್ಲ. ಕಟ್ಟೆಯ ಮೇಲ್ಮೈಯನ್ನು ಉಜ್ಜಿ ತೊಳೆದು, ಚೆನ್ನಾಗಿ ನೀರು ಕುಡಿಸಿ. ಸಿಮೆಂಟ್ ಮರಳನ್ನು ಒಣದಾಗಿಯೇ ಕಲಸಿ, ಆಮೇಲೆ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಸಡಿಲ, ಬಜ್ಜಿ ಹಿಟ್ಟಿಗಿಂತ ಗಟ್ಟಿ ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದು ಮೊಳ ಜಾಗಕ್ಕೆ ಆಗುವಷ್ಟೇ ಕಲಸಿ, ಹೆಚ್ಚಾದರೆ ಗಟ್ಟಿಯಾಗಿ ದಂಡ. ಅರ್ಧ ಅಂಗುಲ ದಪ್ಪ ಬಳಿದು ಚೂರುಗಳನ್ನು ಒತ್ತಿ. ಚೂಪಾದ ಅಂಚು ಪೂರ್ತಿ ಸಿಮೆಂಟಿನೊಳಗೆ ಹೂತಿರಬೇಕು. ಅರ್ಧ ಗಂಟೆ ಬಿಟ್ಟು ಒದ್ದೆ ಬಟ್ಟೆಯಿಂದ ಮೇಲಿನ ಸಿಮೆಂಟ್ ಒರೆಸಿದರೆ ಬಣ್ಣ ಎದ್ದು ಕಾಣುತ್ತೆ. ಮಾರನೇ ದಿನದಿಂದ ಒಂದು ವಾರ ಒದ್ದೆ ಗೋಣಿ ಹೊದಿಸಿ, ಆರದ ಹಾಗೆ ನೀರು ಚಿಮುಕಿಸಿ. ಈ ವಾರದ ಆರೈಕೆಯೇ ಕಟ್ಟೆಯ ಬಾಳಿಕೆ.

ಗಾಜಿನ ಬಳೆಯ ಚೂರನ್ನು ಕಟ್ಟೆಯ ಪಕ್ಕಗಳಿಗೆ ಮಾತ್ರ ಹಾಕಿ. ಪ್ರದಕ್ಷಿಣೆ ಬರುವ ನೆಲಕ್ಕೆ, ಮಕ್ಕಳು ಕೂರುವ ಜಾಗಕ್ಕೆ ಬೇಡ. ಬರಿಗೈಯಲ್ಲಿ ಸಿಮೆಂಟ್ ಮುಟ್ಟಬೇಡಿ, ಚರ್ಮ ಸುಡುತ್ತೆ. ದಸರೆಯ ರಜದಲ್ಲಿ ಕೆಲಸ ಹಿಡಿದರೆ ಉತ್ಥಾನ ದ್ವಾದಶಿಯ ತುಳಸಿ ಪೂಜೆಗೆ ನೆಲ್ಲಿಯ ಕೊಂಬೆ ನೆಡುವ ಹೊತ್ತಿಗೆ ಕಟ್ಟೆ ಸಿದ್ಧ. ಹಣತೆ ಹಚ್ಚಿದಾಗ ಒಂದೊಂದು ಚೂರೂ ಮಿನುಗುತ್ತೆ.

ಬಣ್ಣ ಬಳಿಯೋಣ

ಸಾಗರ, ಸೊರಬದ ಕಡೆ ದೀವರ ಮನೆಗಳ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಅಂಗಡಿಯ ಒಂದು ಬಣ್ಣವೂ ಬೇಡದ ಕಲೆ. ಅದೇ ಉಪಾಯ ನಮ್ಮ ಮಣ್ಣಿನ ಕುಂಡಕ್ಕೂ ಆದೀತು. ಕುಂಡಕ್ಕೆ ಕೆಮ್ಮಣ್ಣು ಬಳಿದು, ಆರಿದ ಮೇಲೆ ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಯಿಂದ ಗೆರೆ ಎಳೆಯಿರಿ. ಇದು ಜಗಲಿಯ ಕುಂಡಕ್ಕೆ ಸರಿ, ಮಳೆಗೆ ತೊಳೆದು ಹೋಗುತ್ತೆ. ಬಯಲಿನಲ್ಲಿರುವುದಕ್ಕೆ ಸುಣ್ಣ ಬಳಸಿ. ಸುಣ್ಣದ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕುವುದು ನಮ್ಮ ಹಿರಿಯರ ರೂಢಿ, ಕೈಗೆ ಅಂಟುವುದು ಕಡಿಮೆ.

ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿಯುತ್ತೆ. ಪ್ಲಾಸ್ಟಿಕ್ ಬಕೆಟ್ಟು ಬೇಡ, ಬಗ್ಗಿ ನೋಡುವುದೂ ಬೇಡ, ಮಕ್ಕಳು ಹತ್ತಿರ ಸುಳಿಯಲೇಬಾರದು. ಕಣ್ಣಿಗೆ ಹಾರಿದರೆ ಉಜ್ಜದೆ, ತಡ ಮಾಡದೆ, ಇಪ್ಪತ್ತು ನಿಮಿಷ ಶುದ್ಧ ನೀರು ಹುಯ್ದು ತೊಳೆದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅಟ್ಟದ ಮೇಲೆ ವರ್ಷಗಟ್ಟಲೆಯಿಂದ ಕೂತ ಪೇಂಟ್ ಡಬ್ಬ ಇದ್ದರೆ ಅದನ್ನು ಖರ್ಚು ಮಾಡುವ ಆಸೆ ಬೇಡ. ಹಿಂದಿನ ಪೇಂಟುಗಳಲ್ಲಿ ಸೀಸದ ಅಂಶ ಹೆಚ್ಚಿರುತ್ತಿತ್ತು, ಅದು ಮಕ್ಕಳ ಮಿದುಳಿಗೆ ಹಾನಿ. ಸೀಸ 90 ಪಿಪಿಎಂ ಮೀರಬಾರದು ಅನ್ನುವ ಸರ್ಕಾರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹೊಸ ಡಬ್ಬ ಕೊಳ್ಳುವಾಗಲೂ ಅದರ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿ. ಸೊಪ್ಪು ತರಕಾರಿ ಬೆಳೆಯುವ ಕುಂಡದ ಒಳಮೈಗೆ ಯಾವ ಪೇಂಟೂ ಬೇಡ.

ಚಪ್ಪರವೇ ಹಿತ್ತಲಿನ ಕಿರೀಟ

ಕೂರುವ ಜಾಗಕ್ಕೆ ನೆರಳು ಬೇಕು ಅಂದೆವಲ್ಲ, ಅದಕ್ಕೆ ಚಪ್ಪರ. ಆರು ಸರ್ವೆ ಗಳ ತನ್ನಿ. ನೆಲದೊಳಗೆ ಹೋಗುವ ಎರಡು ಅಡಿಗೆ ಟಾರು ಬಳಿದರೆ ಗೆದ್ದಲು ಬೇಗ ಹತ್ತುವುದಿಲ್ಲ. ಎರಡು ಅಡಿ ಗುಂಡಿಯಲ್ಲಿ ನಿಲ್ಲಿಸಿ ಸುತ್ತ ಕಲ್ಲು ಬಡಿದು ಗಟ್ಟಿ ಮಾಡಿ. ಮೇಲೆ ಆರೂವರೆ ಅಡಿ ಎತ್ತರ ಇದ್ದರೆ ತಲೆ ತಗಲುವುದಿಲ್ಲ, ಕೈ ಚಾಚಿ ಕಾಯಿ ಕೀಳಬಹುದು. ಮೇಲ್ಗಡೆ ಬಿದಿರು ಕಟ್ಟಿ, ನಡುವೆ ತಂತಿಯನ್ನು ಒಂದಡಿಗೊಂದರಂತೆ ಎಳೆದರಾಯಿತು. ಅವರೆ, ಹೀರೆ, ಪಡವಲ, ಶಂಖಪುಷ್ಪ ಯಾವುದಾದರೂ ಹಬ್ಬಿಸಿ. ಚಪ್ಪರ ಹಾಕುವಷ್ಟು ಜಾಗ ಇಲ್ಲದವರು ಹಳೇ ಸೈಕಲ್ಲಿನ ರಿಮ್ ಒಂದರ ಮೇಲೊಂದು ಗಳಕ್ಕೆ ಕಟ್ಟಿ ಗೋಡೆಗೆ ಒರಗಿಸಿದರೆ ಮಲ್ಲಿಗೆ ಬಳ್ಳಿಗೆ ಸೊಗಸಾದ ಆಸರೆ.

ಮಲ್ಲಿಗೆ ಅಂದರೆ ನಮ್ಮದೇ ಅಲ್ಲವೇ! ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನಿಮ್ಮ ಸೀಮೆಗೆ ಹೊಂದುವುದನ್ನು ನೆಡಿ. ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ಧೈರ್ಯವಾಗಿ ಸವರಿದರೆ ಬೇಸಿಗೆಗೆ ಹೊಸ ಚಿಗುರಿನಲ್ಲಿ ಮೊಗ್ಗು.

ಚಪ್ಪರದ ಕೆಳಗೆ ಕೂರುವುದಕ್ಕೆ ಹೊಸ ಬೆಂಚು ಯಾಕೆ? ಆ ಒರಳುಕಲ್ಲನ್ನು ಕವುಚಿ ಹಾಕಿದರೆ ತಣ್ಣನೆಯ ಪೀಠ. ಬೀಸೋಕಲ್ಲನ್ನು ಎರಡು ಸಾಲು ಇಟ್ಟಿಗೆಯ ಮೇಲಿಟ್ಟರೆ ಕಾಫಿ ಲೋಟ ಇಡುವ ಮೇಜು. ಆದರೆ ಕಲ್ಲು ಎತ್ತುವ ಸಾಹಸ ಒಬ್ಬರೇ ಮಾಡಬೇಡಿ, ಸೊಂಟ ಹಿಡಿದೀತು. ಹಾರೆ ಕೊಟ್ಟು ಉರುಳಿಸುವುದಕ್ಕೆ ಭಾನುವಾರ ಯಜಮಾನರಿದ್ದಾರೆ!

ಬಚ್ಚಲ ನೀರೂ ದಂಡವಲ್ಲ

ಹಿತ್ತಲು ಕೊಚ್ಚೆಯಾಗೋದು ಹೆಚ್ಚಾಗಿ ಬಚ್ಚಲ ನೀರಿನಿಂದ. ನೀರು ಹರಿಯುವ ಕೊನೆಯಲ್ಲಿ ಉದ್ದ, ಅಗಲ, ಆಳ ಮೂರು ಮೂರು ಅಡಿಯ ಗುಂಡಿ ತೆಗೆಸಿ. ತಳಕ್ಕೆ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು. ನೀರು ಬೀಳುವ ಜಾಗದಲ್ಲಿ ಒಂದು ಹಳೇ ಬುಟ್ಟಿ ಇಟ್ಟರೆ ಕೂದಲು, ಕಸ ಅಲ್ಲೇ ತಡೆಯುತ್ತೆ, ವಾರಕ್ಕೊಮ್ಮೆ ಒದರಿ. ಗುಂಡಿಯ ಸುತ್ತ ಕಾಬಾಳೆ, ಬಾಳೆ, ಕೆಸು ಹಾಕಿ. ಇವಕ್ಕೆ ಎಷ್ಟು ನೀರಿದ್ದರೂ ಬೇಕು. ಕೆಂಪು, ಹಳದಿ ಕಾಬಾಳೆ ಅರಳಿ ನಿಂತರೆ ಅಲ್ಲಿ ಬಚ್ಚಲ ಗುಂಡಿ ಇದೆ ಅಂತ ಯಾರೂ ಹೇಳಲಾರರು. ಗುಂಡಿ ಕುಡಿಯುವ ನೀರಿನ ಬಾವಿಯಿಂದ 50 ಅಡಿಯಾದರೂ ದೂರ ಇರಲಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಸೋಪಿನ ನೀರು ಬೇಡ.

ಇದೊಂದನ್ನು ಮಾತ್ರ ಮರೆಯಬೇಡಿ

ಹಕ್ಕಿಗಳಿಗೆ ಅಂತ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡುವುದು ಪುಣ್ಯದ ಕೆಲಸ, ಚೆಂದವೂ ಹೌದು. ಆದರೆ ನಿಂತ ನೀರು ಎಂದರೆ ಸೊಳ್ಳೆ, ಸೊಳ್ಳೆ ಎಂದರೆ ಡೆಂಗೆ. ಡೆಂಗೆ ಹರಡುವ ಸೊಳ್ಳೆ ಹಗಲು ಹೊತ್ತು ಕಚ್ಚುತ್ತೆ, ಶುದ್ಧ ನೀರಲ್ಲೇ ಮೊಟ್ಟೆ ಇಡುತ್ತೆ, ಅದಕ್ಕೆ ಒಂದು ಬೊಗಸೆ ನೀರು ಧಾರಾಳ. ಮೊಟ್ಟೆ ರೆಕ್ಕೆ ಬಂದು ಹಾರಲು ಸುಮಾರು ಒಂದು ವಾರದಿಂದ ಹತ್ತು ದಿನ. ಆದ್ದರಿಂದ ಹಕ್ಕಿ ತಟ್ಟೆಯ ನೀರನ್ನು ದಿನವೂ ಚೆಲ್ಲಿ ಹೊಸದು ತುಂಬಿ. ಚೆಲ್ಲಿದರೆ ಸಾಲದು, ವಾರಕ್ಕೆರಡು ಸಲ ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಏಕೆಂದರೆ ಅಂಚಿಗೆ ಅಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತೆ, ಮಳೆ ಬಿದ್ದೊಡನೆ ಮರಿಯಾಗುತ್ತೆ.

ಒರಳಿನ ಕುಳಿ ಮೇಲ್ಮುಖವಾಗಿದ್ದರೆ ಮರಳು ತುಂಬಿ ಅಥವಾ ಮಣ್ಣು ತುಂಬಿ ಗಿಡ ನೆಡಿ. ಮಿಕ್ಕ ಕರಟ ಕವುಚಿ ಇಡಿ. ಹಳೇ ಟಯರಿಗೆ ಬಣ್ಣ ಬಳಿದು ಕುಂಡ ಮಾಡುವುದು ಈಗಿನ ಷೋಕಿ. ಒಳಗಿನ ಸಂದಿಯಲ್ಲಿ ನಿಂತ ನೀರು ಕಣ್ಣಿಗೇ ಬೀಳದ ಕಾರಣ ಅದು ಸೊಳ್ಳೆಯ ಅರಮನೆ. ಮಾಡಲೇಬೇಕು ಅಂದರೆ ಕೆಳಭಾಗಕ್ಕೆ ಸುತ್ತಲೂ ತೂತು ಹೊಡೆಸಿ, ಸಂದಿಯೂ ಸೇರಿ ಪೂರ್ತಿ ಮಣ್ಣು ತುಂಬಿ. ಕುಂಡದ ಕೆಳಗಿನ ತಟ್ಟೆಗಳಲ್ಲೂ ನೀರು ನಿಲ್ಲಬಾರದು. ಮಗುವಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ರಾತ್ರಿ ಕಳೆಯುವ ಸಂಕಟದ ಮುಂದೆ ಈ ಎರಡು ನಿಮಿಷದ ಕೆಲಸ ಯಾವ ಲೆಕ್ಕ?

ಯಾವ ಕಾಲಕ್ಕೆ ಯಾವ ಕೆಲಸ

ಬೇಸಿಗೆ: ಅಂಚು, ದಾರಿ, ಬಚ್ಚಲ ಗುಂಡಿ, ಚಪ್ಪರದ ಕಂಬ. ನೆಲ ಒಣಗಿರುವಾಗಲೇ ಮುಗಿಸಿ.

ಜೂನ್, ಜುಲೈ: ದಾಸವಾಳ, ಕ್ರೋಟನ್, ಮಲ್ಲಿಗೆಯ ಕಡ್ಡಿ ನೆಡಿ. ಜುಲೈ ಮಧ್ಯದಲ್ಲಿ ಚೆಂಡು ಹೂವಿನ ಬೀಜ ಹಾಕಿದರೆ ಆಯುಧಪೂಜೆಗೆ ಹೂವು ಮನೆಯದೇ. ಚಪ್ಪರದ ಅವರೆಯೂ ಈಗಲೇ, ಸೊಗಡಿನ ಕಾಯಿ ಧನುರ್ಮಾಸಕ್ಕೆ.

ಸೆಪ್ಟೆಂಬರ್, ಅಕ್ಟೋಬರ್: ತುಳಸಿಕಟ್ಟೆ, ಸುಣ್ಣ, ಬಣ್ಣ.

ನವೆಂಬರಿನಿಂದ: ಮಲ್ಲಿಗೆ ಸವರುವುದು, ಕೊತ್ತಂಬರಿ, ಮೆಂತ್ಯ, ಟೊಮ್ಯಾಟೊ.

ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಹೋಗಿ ಸುಸ್ತಾಗಬೇಡಿ. ಈ ಭಾನುವಾರ ಒಂದು ಮೂಲೆ ಆರಿಸಿಕೊಳ್ಳಿ, ಅಡುಗೆಮನೆಯ ಕಿಟಕಿಯಿಂದ ಕಾಣುವ ಮೂಲೆಯಾದರೆ ಒಳ್ಳೆಯದು. ಹೆಂಚು ಜೋಡಿಸುವುದನ್ನು ಮಕ್ಕಳಿಗೆ ಕೊಡಿ, ಬಳೆ ಚೂರು ವಿಂಗಡಿಸುವುದು ಅತ್ತೆಯವರಿಗೂ ಇಷ್ಟವಾದೀತು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆಯೇನೋ ಇದೆ. ಕೆಮ್ಮಿಗೆ ದೊಡ್ಡಪತ್ರೆ, ಒಗ್ಗರಣೆಗೆ ಕರಿಬೇವು, ಮುಡಿಗೆ ಮಲ್ಲಿಗೆ, ಬಾವಿಗೆ ನೀರು ಎಲ್ಲ ಅಲ್ಲಿಂದಲೇ ಬರತೊಡಗಿದಾಗ ಮನೆಯವರೆಲ್ಲ ಆ ಗಾದೆಯನ್ನು ಮರೆಯುತ್ತಾರೆ. ಆಮೇಲೆ ಸಿಮೆಂಟಿನ ಮಾತು ಬಂದರೆ ನೀವೇನೂ ವಾದ ಮಾಡಬೇಕಾಗಿಲ್ಲ. ಸಂಜೆಯ ಕಾಫಿಯನ್ನು ಚಪ್ಪರದ ಕೆಳಗೆ ತಂದುಕೊಡಿ, ಸಾಕು.